ಹೂಂಗುಟ್ಟಿದ ಮೇಲೆ

ಶಾಲೆಯವರು ಹತ್ತು ಗಂಟೆಗೆ ಬರುತ್ತೇವೆಂದು ಹೇಳಿದ್ದರೂ ಅಕ್ಕ ಎಂಟಕ್ಕೇ ಬಾಲ್ಕನಿಗೆ ಕುರ್ಚಿ ತಂದು ಹಾಕಿದ್ದಳು. ಅದರ ಒಂದು ಕಾಲು ಗಿಡ್ಡ. ಹಳೆಯ ಲಕೋಟೆಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರಡಿ ತುರುಕಿ, "ಕೂತ್ಕೊಂಡು ನೋಡು, ಅಲ್ಲಾಡುತ್ತಾ ಅಂತ" ಎಂದಳು. ಟೀಚರ್ ಕೂತಳು. ಅಲ್ಲಾಡಲಿಲ್ಲ. ಆದರೆ ಕೂತರೆ ಕಂಬಿಗಳ ನಡುವಿನಿಂದ ಬೀದಿಯೆಲ್ಲ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಕೆಳಗೆ ನಿಂತವರಿಗೆ ತಾನೂ ಹೀಗೇ ತುಂಡು ತುಂಡಾಗಿ, ಸಂತೆಗೆ ತಂದ ಕೋಳಿಯ ಹಾಗೆ ಕಾಣುತ್ತೇನಲ್ಲ ಅನ್ನಿಸಿ ಎದ್ದುಬಿಟ್ಟಳು. ನಿಂತರೆ ಮಂಡಿ ನಡುಗುತ್ತಿತ್ತು. ಜ್ವರ ಬಿಟ್ಟು ಒಂದೂವರೆ ತಿಂಗಳಾಗಿದ್ದರೂ ಮೈಯೊಳಗಿನ ಮೂಳೆಗಳನ್ನು ಯಾರೋ ಬಿಚ್ಚಿ ತೊಳೆದು ಮತ್ತೆ ಜೋಡಿಸುವಾಗ ಒಂದೆರಡನ್ನು ಮರೆತಂತಿತ್ತು. "ಫೋಟೋಕ್ಕೆ ಕೂತವರ ಹಾಗೆ ಯಾಕೆ ಬಿಗಿತೀಯ? ಬರೋದು ನಿನ್ನ ಮಕ್ಕಳು, ಇನ್ಸ್‌ಪೆಕ್ಟರಲ್ಲ" ಎಂದು ಅಕ್ಕ ಒಳಗೆ ಹೋದಳು. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ನಿವೃತ್ತಳಾದವಳು. ಮಾತನ್ನೂ ಹಾಗೇ ಒತ್ತುತ್ತಿದ್ದಳು. ಒಮ್ಮೆ ಒತ್ತಿದ ಮೇಲೆ ಅದು ಹೋದ ಹಾಗೇ.

ವಾರದ ಹಿಂದೆ ಹೆಡ್ ಮೇಷ್ಟ್ರು ಫೋನು ಮಾಡಿದ್ದರು. ಶಾಲೆಗೆ ಬೀಗ ಬಿದ್ದು ನಾಲ್ಕು ತಿಂಗಳಾಯಿತು, ಈ ರೋಗ ಹೋಗುವ ಲಕ್ಷಣವಿಲ್ಲ, ಹಾಗೆಂದು ಓದು ಮುಗಿಸಿ ಹೊರಡುವ ಮಕ್ಕಳನ್ನು ಒಂದು ಮಾತೂ ಹೇಳದೆ ಕಳಿಸುವುದು ಹೇಗೆ? ಸಭಾಂಗಣದಲ್ಲಿ ಸೇರುವಂತಿಲ್ಲ. ಅದಕ್ಕೇ ಮಕ್ಕಳು ಅಪ್ಪ ಅಮ್ಮಂದಿರ ಜೊತೆ ವಾಹನಗಳಲ್ಲಿ ಬರುತ್ತಾರೆ, ಶಾಲೆಯ ಕಾಂಪೌಂಡಿನ ಉದ್ದಕ್ಕೂ ಮೇಷ್ಟ್ರುಗಳು ಎರಡೆರಡು ಮಾರು ದೂರದಲ್ಲಿ ನಿಂತು ಕೈಬೀಸುತ್ತಾರೆ, ಮೇಜಿನ ಮೇಲಿಟ್ಟ ಪ್ರಮಾಣಪತ್ರವನ್ನು ತಾವೇ ಎತ್ತಿಕೊಂಡು ಮುಂದೆ ಹೋಗುತ್ತಾರೆ. "ಅಲ್ಲಿಂದ ಸೀದಾ ನಿಮ್ಮ ಬೀದಿಗೆ ಬರ್ತೀವಿ ಟೀಚರ್. ನೀವು ಕೆಳಗೆ ಇಳೀಬೇಡಿ, ಅವರು ಮೇಲೆ ಹತ್ತಲ್ಲ. ದೂರದಿಂದಲೇ ಒಂದು ನಮಸ್ಕಾರ. ಕ್ಲಾಸ್ ಟೀಚರ್ ಇಲ್ದೆ ನಾವು ಮುಗಿಸಲ್ಲ ಅಂತ ಮಕ್ಕಳು ಹಟ ಹಿಡಿದಿದ್ದಾರೆ." ಅವಳು "ಹೂಂ" ಎಂದಿದ್ದಳು. ಹೇಳಿದ ಮೇಲೆ ಫೋನನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಕೂತಿದ್ದಳು. ಹೂಂ ಎನ್ನುವುದು ಎಷ್ಟು ಸಲೀಸು. ಇಲ್ಲ ಎನ್ನಬೇಕಾದರೆ ನಾಲಿಗೆ ಏಳಬೇಕು, ಹೌದು ಎನ್ನಬೇಕಾದರೆ ಬಾಯಿಯಾದರೂ ತೆರೆಯಬೇಕು. ಹೂಂ ಎನ್ನುವುದಕ್ಕೆ ತುಟಿ ಕೂಡ ಬೇಡ. ಒಳಗಿನದು ಒಳಗೇ ಉಳಿದು, ಹೊರಗಿನವರಿಗೆ ಬೇಕಾದ್ದು ಸಿಕ್ಕಿಬಿಡುತ್ತದೆ.

ಇದೆಲ್ಲ ಶುರುವಾದದ್ದು ಎರಡು ತಿಂಗಳ ಹಿಂದೆ, ಅಂಕಪಟ್ಟಿ ಕಳಿಸುವ ಕೊನೆಯ ದಿನ. ಬೆಳಗ್ಗೆ ಏಳುವಾಗಲೇ ಕಣ್ಣಿನ ಹಿಂದೆ ಕೆಂಡ ಇಟ್ಟಂತಾಗಿ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟುಕೊಂಡಿದ್ದಳು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೂರಾ ಒಂದು. ಹೋಗ್ಬೇಡ. ಕಾಲ ಕೆಟ್ಟಿದೆ" ಎಂದಳು. ಅವಳು ಮಾತ್ರೆ ನುಂಗಿ ಹೋದಳು. ಮೂವತ್ತೊಂದು ವರ್ಷದಲ್ಲಿ ಪರೀಕ್ಷೆಯ ಕಾಲಕ್ಕೆ ಒಂದು ದಿನ ರಜೆ ಹಾಕಿದವಳಲ್ಲ. ಅದನ್ನು ಪ್ರತಿ ವರ್ಷ ಹೆಡ್ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಹೇಳುವಾಗ ಗೋಡೆಯ ಕಡೆ ನೋಡಿ ಕೇಳಿಸಿಕೊಳ್ಳದವಳಂತೆ ಇರುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಜೊತೆಗೆ ಹೊಸದಾಗಿ ಬಂದ ಲೆಕ್ಕದ ಮೇಷ್ಟ್ರು, ಚಿಕ್ಕ ಪ್ರಾಯದವನು, "ಮೇಡಂ, ನಿಮಗೆ ಆಗ್ದಿದ್ರೆ ಸಹಿ ನಾನೇ ಹಾಕ್ತೀನಿ" ಎಂದು ಎರಡು ಸಲ ಹೇಳಿದ್ದ. ಒಳ್ಳೆಯ ಮಾತೇ. ಆದರೆ ಆ ಒಳ್ಳೆಯತನ ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು. ಆಫೀಸಿನಲ್ಲಿ ಅವಳೂ ಗಂಟೆಯಣ್ಣನೂ ಇಬ್ಬರೇ. ಇಪ್ಪತ್ತೆರಡು ವರ್ಷದಿಂದ ಶಾಲೆಯ ಗಂಟೆ ಹೊಡೆಯುತ್ತಿದ್ದ ಅವನನ್ನು ಚಿಕ್ಕ ಮಕ್ಕಳಿಂದ ಹಿಡಿದು ಹೆಡ್ ಮೇಷ್ಟ್ರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಕಾಗದ ಹಾರಬಾರದೆಂದು ಕಿಟಕಿ ಮುಚ್ಚಿಸಿದ್ದು ಅವಳೇ. ಮುಖಕ್ಕೆ ಕಟ್ಟಿದ್ದ ಬಟ್ಟೆಯನ್ನು ಗಲ್ಲಕ್ಕೆ ಇಳಿಸಿ, ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿ ತಾಗಿಸಿ ಹಾಳೆ ತಿರುವಿ, ಒಂದೊಂದನ್ನೇ ಅವನ ಕೈಗೆ ಕೊಡುತ್ತಿದ್ದಳು. ಅವನು ಜೋಡಿಸಿ ದಾರ ಕಟ್ಟುತ್ತಿದ್ದ. ನಡುವೆ ಕೆಮ್ಮು ಬಂತು. ನಿಲ್ಲಲಿಲ್ಲ. ಅವನು ತಲೆಯೆತ್ತಿ, "ಏನಾಯ್ತು ಮೇಡಂ?" ಎಂದ.

"ಧೂಳು," ಎಂದಳು. "ಈ ಕಪಾಟು ಒರೆಸಿ ಎಷ್ಟು ಕಾಲ ಆಯ್ತೋ."

ಅವನಿಗೆ ನಾಚಿಕೆಯಾಯಿತು. ಕಿವಿಯ ತುದಿ ಕೆಂಪಾದದ್ದು ಅವಳಿಗೆ ಇವತ್ತಿಗೂ ಕಾಣುತ್ತದೆ. ದಾರ ಕೆಳಗಿಟ್ಟು ಹೋಗಿ ಬಿಸಿನೀರು ತಂದುಕೊಟ್ಟ. ಆಮೇಲೆ ಒದ್ದೆ ಬಟ್ಟೆ ತಂದು, ಸ್ಟೂಲು ಹತ್ತಿ, ಕಪಾಟಿನ ಮೇಲಿನ ಹಲಗೆಯಿಂದ ಕೆಳಗಿನ ಹಲಗೆಯವರೆಗೆ, ರಿಜಿಸ್ಟರುಗಳನ್ನು ಒಂದೊಂದೇ ಇಳಿಸಿ, ಬೆನ್ನು ಬೆನ್ನು ಒರೆಸಿ ಮತ್ತೆ ಇಟ್ಟ. ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಆ ಮುಚ್ಚಿದ ಕೋಣೆಯಲ್ಲಿ ಅವಳು ಕೆಮ್ಮುತ್ತಲೇ ಇದ್ದಳು, ಅವನು ಒರೆಸುತ್ತಲೇ ಇದ್ದ. ಹೊರಡುವಾಗ, "ಇನ್ಮೇಲೆ ವಾರಕ್ಕೊಂದ್ಸಲ ಒರೆಸ್ತೀನಿ ಮೇಡಂ, ತಪ್ಪಾಯ್ತು" ಎಂದ. ಅವಳು ಬಹುಶಃ ಅದಕ್ಕೂ ಹೂಂ ಎಂದಿರಬೇಕು.

ಒಳಗೆ ಅಕ್ಕ ಕಪ್ಪು ಬಸಿ ತೊಳೆಯುವ ಸದ್ದು. ಎದುರು ಮನೆಯ ಮಹಡಿಯಲ್ಲಿ ಒಬ್ಬಾಕೆ ಹೊದಿಕೆ ಒಣಹಾಕುತ್ತಾ ಇವಳನ್ನು ಕಂಡು ಎರಡು ಕೈಯೂ ಎತ್ತಿ ಮುಗಿದಳು. ಆ ಹೆಂಗಸು ಮೊದಲು ಹೀಗೆ ಮಾಡುತ್ತಿರಲಿಲ್ಲ. ಈ ಎರಡು ತಿಂಗಳಲ್ಲಿ ತನಗೊಂದು ಹೊಸ ಗೌರವ ಬಂದುಬಿಟ್ಟಿದೆ, ಯಾರದೋ ಅಳತೆಗೆ ಹೊಲಿದ ಅಂಗಿಯ ಹಾಗೆ. ಕಂಕುಳಲ್ಲಿ ಹಿಡಿಯುತ್ತದೆ, ಕೈಯೆತ್ತಿದರೆ ಬಿರಿಯುತ್ತದೆ, ತೆಗೆಯಹೋದರೆ ಒಳಗೇನೂ ಇಲ್ಲ. ಗಂಟೆಯಣ್ಣ ಐದನೇ ದಿನ ಗಂಟೆಯ ಕೆಳಗೇ ಕುಸಿದುಬಿದ್ದ. ಮಕ್ಕಳಿಲ್ಲದ ಶಾಲೆಯಲ್ಲೂ ದಿನಕ್ಕೊಮ್ಮೆ ಗಂಟೆ ಹೊಡೆಯದಿದ್ದರೆ ಅವನಿಗೆ ಸಮಾಧಾನವಿರಲಿಲ್ಲವಂತೆ. ಆಸ್ಪತ್ರೆಗೆ ಸಾಗಿಸಿ ಪರೀಕ್ಷೆ ಮಾಡಿದರು, ಅದೇ ರೋಗ ಎಂದರು. ಅವನ ಜೊತೆ ಕೆಲಸ ಮಾಡಿದವರನ್ನೆಲ್ಲ ಕರೆದು ಪರೀಕ್ಷೆ ಮಾಡಿದಾಗ ಅವಳಿಗೂ ಇದೆಯೆಂದು ಬಂತು. ಅಷ್ಟರೊಳಗೆ ಅವಳು ಹಾಸಿಗೆ ಹಿಡಿದು ಐದು ದಿನ ಆಗಿತ್ತೆಂಬುದು ಅಕ್ಕನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಹೆಡ್ ಮೇಷ್ಟ್ರು ಫೋನಿನಲ್ಲಿ, "ಅವನಿಂದಲೇ ನಿಮಗೆ ಅಂಟಿರ್ಬೇಕು ಅಲ್ವಾ ಟೀಚರ್? ಆವತ್ತು ಇಬ್ರೇ ಇದ್ರಿ" ಎಂದರು. ಅವಳ ಎದೆಯಲ್ಲಿ ಉಸಿರು ಕೊಳವೆಯಲ್ಲಿ ಸಿಕ್ಕ ಗಾಳಿಯ ಹಾಗೆ ಶಿಳ್ಳೆ ಹಾಕುತ್ತಿತ್ತು. ಮಾತಾಡಲು ಆಗುತ್ತಿರಲಿಲ್ಲ, ಅದು ನಿಜ. ಆದರೆ ಹೂಂ ಎನ್ನಲು ಆಯಿತು.

ಸಂಜೆಯೊಳಗೆ ಆ ಹೂಂ ಊರೆಲ್ಲ ಸುತ್ತಿ ಬಂತು. ಶಾಲೆಗೆ ರೋಗ ತಂದವನು ಗಂಟೆಯಣ್ಣ. ಪಾಪ, ಟೀಚರಿಗೆ ಅಂಟಿಸಿದ. ಅವನಿರುವ ಮಹಡಿಯ ಮನೆಗಳವರು ಸೇರಿ ಮೆಟ್ಟಿಲಿನ ಬಾಗಿಲಿಗೆ ಒಳಗಿಂದ ಅಗುಳಿ ಹಾಕಿದರಂತೆ, ಅವನ ಮನೆಯವರು ಹಿತ್ತಿಲ ಮೆಟ್ಟಿಲಲ್ಲೇ ಓಡಾಡಬೇಕಂತೆ. ಹಾಲಿನವನು ಬೀದಿಯ ಮೂಲೆಯಲ್ಲೇ ಪೊಟ್ಟಣ ಇಟ್ಟು ಹೋಗುತ್ತಾನಂತೆ. ಅವನ ಹೆಂಡತಿ ಅಂಗಡಿಗೆ ಹೋದರೆ ಸಾಲು ತಾನಾಗಿ ಹರಿದು ಅವಳೊಬ್ಬಳೇ ನಡುವೆ ಉಳಿಯುತ್ತಾಳಂತೆ. ಇದನ್ನೆಲ್ಲ ಅಕ್ಕ ತರಕಾರಿಯವಳಿಂದ ಕೇಳಿ ತಂದು, ತರಕಾರಿಯ ಜೊತೆಗೇ ಹೆಚ್ಚುತ್ತಾ ಹೇಳುತ್ತಿದ್ದಳು. ಗಂಟೆಯಣ್ಣನ ಮಗಳು ಇವಳದೇ ಕ್ಲಾಸಿನವಳು, ಕೊನೆಯ ವರ್ಷ. ಜ್ವರ ಬಿಟ್ಟ ಮೇಲೆ ಇವಳು ಮಾಡಿದ ಫೋನಿನ ಪರದೆಯ ಮೇಲಿನ ಪಾಠದಲ್ಲಿ ಉಳಿದವರ ಮುಖ ಕಾಣುವಾಗ ಅವಳ ಜಾಗದಲ್ಲಿ ಬರೀ ಕಪ್ಪು ಚೌಕ. "ಹಾಜರಿದ್ದೀಯೇನಮ್ಮ?" ಎಂದರೆ ಆ ಕಪ್ಪಿನೊಳಗಿನಿಂದ, "ಇದ್ದೀನಿ ಮಿಸ್" ಎಂದು ಬರುತ್ತಿತ್ತು.

ಅವನು ಆಸ್ಪತ್ರೆಯಿಂದ ಫೋನು ಮಾಡಿದ್ದು ಒಂದು ಮಧ್ಯಾಹ್ನ. ಮೂಗಿಗೆ ಕೊಳವೆ ಹಾಕಿದ್ದರೇನೋ, ದನಿ ಡಬ್ಬದೊಳಗಿನಿಂದ ಬಂದಂತಿತ್ತು. "ಮೇಡಂ, ಹ್ಯಾಗಿದ್ದೀರಿ? ನಮ್ಮಿಂದ ನಿಮಗೆ ತೊಂದ್ರೆ ಆಯ್ತು. ಎಲ್ಲಿಂದ ಹತ್ತಿಸ್ಕೊಂಡ್ನೋ ಗೊತ್ತಾಗ್ತಿಲ್ಲ. ನಾನು ಎಲ್ಲೂ ಹೋಗಿರ್ಲಿಲ್ಲ. ಯೋಚನೆ ಮಾಡ್ತಾನೇ ಇದ್ದೀನಿ." ನಡುನಡುವೆ ಉಸಿರಿಗೆ ನಿಲ್ಲುತ್ತಿದ್ದ. ಅವಳು ಆಗ ಚೇತರಿಸಿಕೊಳ್ಳುತ್ತಿದ್ದಳು. ದಿಂಬಿಗೆ ಒರಗಿ ಕೂತು, ಕೈಯಲ್ಲಿ ಬಿಸಿನೀರಿನ ಲೋಟ ಹಿಡಿದಿದ್ದಳು. ಹೇಳಬಹುದಾಗಿತ್ತು. ಎರಡು ವಾಕ್ಯ. ಗಂಟೆಯಣ್ಣ, ಜ್ವರ ಇದ್ದದ್ದು ನನಗೆ. ಧೂಳಲ್ಲ ಅದು. ಅವನು ಯೋಚಿಸುವುದನ್ನು ನಿಲ್ಲಿಸುತ್ತಿದ್ದ, ಅಷ್ಟಾದರೂ ಆಗುತ್ತಿತ್ತು. ಆದರೆ ಅವಳ ಬಾಯಿಂದ ಬಂದದ್ದು, "ಇರ್ಲಿ ಬಿಡಿ ಗಂಟೆಯಣ್ಣ. ಬೇಕೂಂತ ಮಾಡಿದ್ರಾ? ಮನಸ್ಸಿಗೆ ಹಚ್ಕೋಬೇಡಿ." ಅವನು ಅತ್ತನೋ ಕೆಮ್ಮಿದನೋ ತಿಳಿಯಲಿಲ್ಲ. "ದೊಡ್ಡ ಮನಸ್ಸು ನಿಮ್ದು" ಎಂದ. ಅದಾದ ನಾಲ್ಕನೇ ದಿನ ತೀರಿಹೋದ. ಆ ಮಧ್ಯಾಹ್ನ ಫೋನಿಟ್ಟಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. "ಯಾರಿಂದ ಯಾರಿಗೆ ಬಂತು ಅಂತ ಆ ಹುಳದ ಮೇಲೆ ಅಂಚೆ ಮುದ್ರೆ ಇರುತ್ತೇನೆ? ಅವನಿಗೆ ಮೊದಲೇ ಇದ್ದಿದ್ರೆ? ಸುಮ್ನಿರು" ಎಂದಳು. ಅಕ್ಕನ ಆ ಮಾತಿನ ಮೇಲೆ ಅವಳು ಒಂದೂವರೆ ತಿಂಗಳು ಬದುಕಿದಳು, ಗಿಡ್ಡ ಕಾಲಿನ ಕುರ್ಚಿಯ ಮೇಲೆ ಕೂತವರ ಹಾಗೆ, ಮೈಯ ಭಾರವನ್ನೆಲ್ಲ ಒಂದೇ ಕಡೆಗೆ ಹಾಕಿಕೊಂಡು. ಯಾರಿಂದ ಯಾರಿಗೆ ಎನ್ನುವುದು ದೇವರಿಗೇ ಗೊತ್ತು, ಸರಿ. ಆದರೆ ನೂರಾ ಒಂದು ಜ್ವರ ಯಾರಿಗಿತ್ತು, ಧೂಳು ಎಂದವರು ಯಾರು ಎನ್ನುವುದಕ್ಕೆ ದೇವರು ಬೇಕಾಗಿರಲಿಲ್ಲ.

ಹಾರನ್‌ಗಳ ಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದಾಗ ಅವಳಿಗೆ ಒಳಗೆ ಓಡಿಹೋಗಿ ಬಚ್ಚಲಿನ ಚಿಲಕ ಹಾಕಿಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಮೊದಲ ಕಾರು ಬಂದೇಬಿಟ್ಟಿತು. ಅದರ ಹಿಂದೆ ಮತ್ತೊಂದು, ಸ್ಕೂಟರುಗಳು, ಒಂದು ಸಾಮಾನಿನ ಗಾಡಿಯ ಹಿಂದೆ ನಿಂತ ಅಣ್ಣತಂಗಿಯರು. ಬಣ್ಣದ ಕಾಗದ, ಬಲೂನು, ಕಿಟಕಿಯಿಂದ ಹೊರಗೆ ಚಾಚಿದ ಕೈಗಳು. ಮುಖದ ಅರ್ಧ ಮುಚ್ಚಿದ್ದರೂ ಅವಳು ಒಬ್ಬೊಬ್ಬರನ್ನೂ ಹಣೆಯಿಂದಲೇ ಗುರುತಿಸಿದಳು. ಇವನು ಭಿನ್ನರಾಶಿಗೆ ಹೆದರುತ್ತಿದ್ದವನು, ಇವಳು ಉತ್ತರ ಮೊದಲು ಬರೆದು ಆಮೇಲೆ ಲೆಕ್ಕ ಮಾಡುತ್ತಿದ್ದವಳು. ಮಕ್ಕಳು ಅವಳಿಗೆ ಇಟ್ಟಿದ್ದ ಅಡ್ಡಹೆಸರು ಸ್ಕೇಲ್ ಮಿಸ್. ಅದು ತನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆಂದೇ ಅವಳು ತಿಳಿದಿದ್ದಳು. ಇವತ್ತು ಇಬ್ಬರು ಹುಡುಗಿಯರು ಆಳೆತ್ತರದ ರಟ್ಟಿನ ಅಡಿಪಟ್ಟಿಯನ್ನೇ ಮಾಡಿ ಎತ್ತಿ ಹಿಡಿದಿದ್ದರು. ಅದರ ಮೇಲೆ ಕೆಂಪು ಅಕ್ಷರದಲ್ಲಿ, ಅವಳು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು: ಹಂತ ಬಿಟ್ಟರೆ ಅಂಕ ಇಲ್ಲ. ಎಲ್ಲರೂ ನಕ್ಕರು. ಅವಳೂ ನಕ್ಕಳು. ನಗುವಾಗ ಕೆಮ್ಮು ಬಂತು, ಅಕ್ಕ ಬೆನ್ನು ಸವರಿದಳು, ಕೆಳಗೆ ಯಾರದೋ ತಾಯಿ, "ಅಯ್ಯೋ ಪಾಪ" ಎಂದದ್ದು ಮೇಲಕ್ಕೆ ಕೇಳಿಸಿತು. ಒಬ್ಬೊಬ್ಬರೇ ಬಂದು ತಾವು ಬರೆದ ಕಾರ್ಡನ್ನು ಗೇಟಿನ ಸರಳಿಗೆ ಕಟ್ಟಿ, ಮೇಲೆ ನೋಡಿ ಕೈ ಮುಗಿದು ಹಿಂದೆ ಸರಿದರು.

ಹೆಡ್ ಮೇಷ್ಟ್ರು ಕೈಮೈಕು ಹಿಡಿದು ಕಾರಿನ ಪಕ್ಕ ನಿಂತರು. ಡ್ರಾಯಿಂಗ್ ಮೇಷ್ಟ್ರು, ಲೈಬ್ರರಿ ನೋಡಿಕೊಳ್ಳುವಾಕೆ, ಹೊಸ ಲೆಕ್ಕದ ಮೇಷ್ಟ್ರು, ಎಲ್ಲ ದೂರ ದೂರ ನಿಂತರು. ಮಕ್ಕಳ ಪರವಾಗಿ ಎಲ್ಲರಿಗೂ ಒಂದೊಂದು ಮಾತಿನ ವಂದನೆ ಆಯಿತು, ಒಂದೊಂದು ಚಪ್ಪಾಳೆ. ಆಮೇಲೆ ಅವರು ತಲೆಯೆತ್ತಿ, "ನಮ್ಮ ಟೀಚರ್ ಬಗ್ಗೆ ನಾನೇನು ಹೇಳ್ಲಿ? ಅಷ್ಟು ಅಪಾಯ ಇದ್ದಾಗ ಶಾಲೆಗೆ ಬಂದು ನಿಮ್ಮ ಅಂಕಪಟ್ಟಿ ಮುಗಿಸಿದ್ರು. ಆ ಕೆಲಸದಲ್ಲೇ ರೋಗ ಅಂಟಿಸ್ಕೊಂಡು ಸಾವಿನ ಬಾಯಿಗೆ ಹೋಗಿ ಬಂದ್ರು" ಎಂದರು. ಚಪ್ಪಾಳೆ ಬಹಳ ಹೊತ್ತು ಬಿತ್ತು. ಎದುರು ಮಹಡಿಯ ಹೆಂಗಸೂ ತಟ್ಟಿದಳು. "ಹಾಗೇ ನಮ್ಮನ್ನ ಅಗಲಿದ ಗಂಟೆಯಣ್ಣನಿಗೂ ಒಂದು ನಿಮಿಷ ಮೌನ," ಎಂದು ಅವರು ದನಿ ಇಳಿಸಿದರು. ಆ ಒಂದು ನಿಮಿಷದಲ್ಲಿ ಯಾವುದೋ ಕಾರಿನ ತಿರುವು ದೀಪ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಎಲ್ಲರೂ ತಲೆ ಬಗ್ಗಿಸಿದ್ದಾಗ ಅವಳು ಮಾತ್ರ ಬಗ್ಗಿಸದೆ ಬೀದಿಯ ಕೊನೆಗೆ ನೋಡಿದಳು. ಅಲ್ಲಿ ದೀಪದ ಕಂಬದ ಹತ್ತಿರ ಗಂಟೆಯಣ್ಣನ ಮನೆಯ ತಾಯಿ ಮಗಳು ನಿಂತಿದ್ದರು. ನಡೆದು ಬಂದವರು. ಅವರಿಗೂ ಹತ್ತಿರದ ಸ್ಕೂಟರಿಗೂ ನಡುವೆ ಬೇರೆಯವರ ನಡುವೆ ಇದ್ದದ್ದಕ್ಕಿಂತ ಮೂರು ಪಟ್ಟು ಜಾಗ ಖಾಲಿಯಿತ್ತು. ಯಾರೂ ಗೆರೆ ಎಳೆದಿರಲಿಲ್ಲ, ಯಾರೂ ದೂರ ಹೋಗಿ ಎಂದಿರಲಿಲ್ಲ. ಆ ಖಾಲಿ ಜಾಗವನ್ನು ನೋಡಿ ಅವಳಿಗೆ ತನ್ನ ಕೈಬರಹವನ್ನೇ ನೋಡಿದಂತಾಯಿತು.

ಮೌನ ಮುಗಿದ ಮೇಲೆ ಹುಡುಗಿ ಮುಂದೆ ಬಂದಳು. ತಾಯಿ ನಾಲ್ಕು ಹೆಜ್ಜೆ ಹಿಂದೆ. ಗೇಟಿಗೆ ಕಾರ್ಡು ಕಟ್ಟುವಾಗ ಅವಳ ಕೈಗೆ ಗಂಟು ಸರಿಯಾಗಿ ಬೀಳಲಿಲ್ಲ, ಎರಡು ಸಲ ಬಿಚ್ಚಿ ಕಟ್ಟಿದಳು. ಆಮೇಲೆ ಮೇಲೆ ನೋಡಿದಳು. ಇಷ್ಟು ದಿನದ ಕಪ್ಪು ಚೌಕದ ಜಾಗದಲ್ಲಿ ಮುಖ. ಅಪ್ಪನದೇ ಹುಬ್ಬು.

"ಮಿಸ್, ನಾನೊಂದು ಮಾತು ಹೇಳ್ಬೇಕಿತ್ತು," ಎಂದಳು. ಪಾಠ ಒಪ್ಪಿಸುವಾಗಿನ ಅದೇ ದನಿ. "ನಮ್ಮಿಂದ ನಿಮಗೆ ಇಷ್ಟೆಲ್ಲ ಆಯ್ತು. ಆದ್ರೂ ನೀವು ಅಪ್ಪನ್ನ ಕ್ಷಮಿಸಿದ್ರಿ. ಫೋನಲ್ಲಿ ಹಂಗಂದ್ರಿ ಅಂತ ಅಪ್ಪ ಎಲ್ಲರ ಹತ್ರಾನೂ ಹೇಳ್ತಿದ್ರಂತೆ, ನರ್ಸ್ ಹತ್ರ ಕೂಡ. ಅದಕ್ಕೆ ಥ್ಯಾಂಕ್ಸ್ ಮಿಸ್. ಅಮ್ಮನೂ ಹೇಳು ಅಂದ್ಲು."

ಕೆಳಗೆ ಒಂದಿಬ್ಬರು ಕಣ್ಣೊರೆಸಿಕೊಂಡರು. ಡ್ರಾಯಿಂಗ್ ಮೇಷ್ಟ್ರು ಮೆಲ್ಲಗೆ ಚಪ್ಪಾಳೆ ಶುರುಮಾಡಿ, ಮಾಡಬೇಕೋ ಬೇಡವೋ ತಿಳಿಯದೆ ನಿಲ್ಲಿಸಿದರು. ಅವಳು ಕಂಬಿಯನ್ನು ಹಿಡಿದುಕೊಂಡಳು. ಬಿಸಿಲಿಗೆ ಕಾದಿತ್ತು. ಇಲ್ಲಿ ಒಂದು ಹೂಂ ಸಾಕಾಗಿತ್ತು. ಎಲ್ಲರೂ ಅದನ್ನೇ ಕಾಯುತ್ತಿದ್ದರು, ಹುಡುಗಿಯೂ ಅದನ್ನೇ ಕಾಯುತ್ತಿದ್ದಳು. ಹೂಂ ಎಂದು ಕೈಯೆತ್ತಿ ಹರಸಿದರೆ ಮುಗಿಯಿತು. ವಾಹನಗಳು ತಿರುಗುತ್ತವೆ, ಅಕ್ಕ ಚಹಾ ಮಾಡುತ್ತಾಳೆ, ಈ ಹುಡುಗಿ ಇನ್ನು ಐವತ್ತು ವರ್ಷ ಬದುಕಿ, ತನ್ನ ಮಕ್ಕಳಿಗೆ, ನಿಮ್ಮ ತಾತ ಒಬ್ಬ ಟೀಚರಿಗೆ ರೋಗ ಕೊಟ್ಟಿದ್ದರು, ಆಕೆ ದೊಡ್ಡ ಮನಸ್ಸಿನಿಂದ ಕ್ಷಮಿಸಿದಳು ಎಂದು ಕಥೆ ಹೇಳುತ್ತಾಳೆ. ಮಕ್ಕಳು ಹೂಂಗುಟ್ಟುತ್ತವೆ.

"ಜ್ವರ ನನಗಿತ್ತು," ಎಂದಳು.

ದನಿ ಕಂಬಿ ದಾಟಲಿಲ್ಲ. ರೋಗ ಅವಳ ದನಿಯನ್ನು ಅರ್ಧ ತಿಂದುಹಾಕಿತ್ತು. ಕೆಳಗೆ ಎಲ್ಲರೂ ನಗುಮುಖದಿಂದಲೇ ತಲೆಯಾಡಿಸಿದರು. ಹುಡುಗಿ ಕಿವಿಯ ಹತ್ತಿರ ಕೈ ಹಿಡಿದು, "ಕೇಳಿಸ್ಲಿಲ್ಲ ಮಿಸ್" ಎಂದಳು. ಆದರೆ ಬೆನ್ನ ಹಿಂದಿದ್ದ ಅಕ್ಕನಿಗೆ ಕೇಳಿಸಿತ್ತು. ಅವಳ ಬೆರಳುಗಳು ಟೀಚರ ತೋಳನ್ನು ಒತ್ತಿ ಹಿಡಿದವು. "ಸಾಕು ಬಾ. ದೇವರಿಗೆ ಕೇಳಿಸ್ತು" ಎಂದು ಪಿಸುಗುಟ್ಟಿದಳು. ಟೀಚರಿಗೆ ಒಂದು ಗಳಿಗೆ ಹಾಗೇ ಅನ್ನಿಸಿತು. ಹೇಳಿಯಾಯಿತಲ್ಲ. ಅವರಿಗೆ ಕೇಳಿಸದಿದ್ದರೆ ತಾನೇನು ಮಾಡಲಿ? ಆ ಯೋಚನೆಯ ಸಿಹಿಯೇ ಅವಳಿಗೆ ಹೇಸಿಗೆ ತರಿಸಿತು. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ತರಗತಿಯ ಕೊನೆಯ ಬೆಂಚಿಗೆ ಕೇಳಿಸುವಂತೆ ಹೊಟ್ಟೆಯಿಂದ ಗಾಳಿಯೆಳೆದು ಹೇಳಿದಳು: "ಆವತ್ತು ಜ್ವರ ಇದ್ದದ್ದು ನನಗೆ. ನಿಮ್ಮ ಅಪ್ಪನಿಗಲ್ಲ. ನಾನು ಜ್ವರ ಇಟ್ಕೊಂಡೇ ಬಂದಿದ್ದೆ."

ಹುಡುಗಿಯ ಕೈ ಕಿವಿಯ ಹತ್ತಿರವೇ ಉಳಿಯಿತು. ಹಿಂದಿನ ವಾಹನಗಳಲ್ಲಿದ್ದವರು ಏನಂತೆ, ಏನಂದರು ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಹೆಡ್ ಮೇಷ್ಟ್ರು ಮುಂದೆ ಬಂದು, "ಟೀಚರ್, ಇರ್ಲಿ ಬಿಡಿ, ಈಗ್ಯಾಕೆ ಅದೆಲ್ಲ? ಇನ್ನೂ ಆಯಾಸ ಇದೆ ನಿಮಗೆ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಅಂಗಲಾಚಿಕೆ ಇತ್ತು. ಆಗ ಗಂಟೆಯಣ್ಣನ ಹೆಂಡತಿ ಮಾತಾಡಿದಳು. ಅಲ್ಲಿಯವರೆಗೆ ಅವಳ ದನಿಯನ್ನು ಟೀಚರ್ ಕೇಳಿಯೇ ಇರಲಿಲ್ಲ.

"ನಮಗಿಬ್ರಿಗೇ ಕೇಳಿಸಿದ್ರೆ ಏನು ಬಂತು ಟೀಚರ್? ಅವರಿಗೆಲ್ಲ ಕೇಳೋ ಹಾಗೆ ಹೇಳಿ."

"ಇವತ್ತು ಮಕ್ಕಳ ದಿನ ಅಮ್ಮ," ಎಂದರು ಹೆಡ್ ಮೇಷ್ಟ್ರು. "ಆಮೇಲೆ ಕೂತು ಮಾತಾಡೋಣ."

"ಮಕ್ಕಳ ದಿನಾನೇ ಸಾರ್. ನನ್ನ ಮಗಳೂ ಅದೇ ಕ್ಲಾಸು," ಎಂದು ಅವಳು ಕೈ ಚಾಚಿದಳು. ಹೆಡ್ ಮೇಷ್ಟ್ರು ಏನು ಮಾಡುವುದೆಂದು ತಿಳಿಯದೆ ಕೈಮೈಕನ್ನು ನೆಲದ ಮೇಲಿಟ್ಟು ಹಿಂದೆ ಸರಿದರು. ಅವಳು ಅದನ್ನೆತ್ತಿ, ತನ್ನ ಬಟ್ಟೆಯ ತುದಿಯಿಂದ ಒರೆಸಿ, ಗೇಟಿನ ಕಂಬದ ಮೇಲಿಟ್ಟು, ಮತ್ತೆ ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತಳು.

ಇಳಿಯಬೇಡಿ ಎಂದಿದ್ದರು. ಟೀಚರ್ ಇಳಿದಳು. ಅಕ್ಕ ಏನೋ ಹೇಳುತ್ತಾ ಮೆಟ್ಟಿಲಿನ ತಲೆಯವರೆಗೆ ಬಂದು ಅಲ್ಲೇ ನಿಂತಳು. ಅರ್ಧ ಇಳಿದ ಟೀಚರ್ ಉಸಿರು ಸಿಗದೆ ಗೋಡೆ ಹಿಡಿದು ಒಂದು ಮೆಟ್ಟಿಲ ಮೇಲೆ ಕೂತಳು. ಹೀಗೇ ಕೂತುಬಿಟ್ಟರೆ ತಲೆಸುತ್ತು ಬಂತೆಂದು ಎಲ್ಲರೂ ನಂಬುತ್ತಾರೆ; ಅದೂ ಒಂದು ದಾರಿಯಾಗಿತ್ತು. ಎದ್ದಳು. ಗೇಟಿನ ಒಳಗೆ ನಿಂತು ಮೈಕು ಕೈಗೆ ತೆಗೆದುಕೊಂಡಾಗ ಅದರ ಗುಂಡಿ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಹೊಸ ಲೆಕ್ಕದ ಮೇಷ್ಟ್ರು ದೂರದಿಂದಲೇ, "ಕೆಳಗಡೆ ಮೇಡಂ, ಹೆಬ್ಬೆರಳ ಹತ್ರ" ಎಂದ. ಒತ್ತಿದಳು. ಅವಳ ಉಸಿರೇ ಮೊದಲು ಬೀದಿಗೆ ಬಿತ್ತು, ಕೀಚಲಾಗಿ, ಎಲ್ಲರಿಗೂ ಕೇಳುವಂತೆ.

"ಅಂಕಪಟ್ಟಿ ಕಟ್ಟಿದ ದಿನ ಬೆಳಗ್ಗೆ ನನಗೆ ನೂರಾ ಒಂದು ಜ್ವರ ಇತ್ತು. ನನಗೆ ಗೊತ್ತಿತ್ತು. ಮಾತ್ರೆ ತಗೊಂಡು ಬಂದೆ. ಯಾರಿಗೂ ಹೇಳ್ಲಿಲ್ಲ. ಕಿಟಕಿ ಮುಚ್ಚಿಸ್ದೆ. ಕೆಮ್ಮು ಯಾಕೆ ಅಂತ ಅವರು ಕೇಳಿದಾಗ ಧೂಳು ಅಂದೆ. ಐದು ದಿನ ಆದ್ಮೇಲೆ ಅವರು ಬಿದ್ರು. ಅವರಿಂದ ನಿಮಗೆ ಬಂತಾ ಅಂತ ಸಾರ್ ಕೇಳಿದಾಗ ಹೂಂ ಅಂದೆ. ಅದು ಸುಳ್ಳು." ಎದುರು ಗೋಡೆಗೆ ಬಡಿದು ಆ ಕೊನೆಯ ಮಾತು ಹಿಂದಿರುಗಿ ಬಂತು. ಬೇರೊಬ್ಬರು ಹೇಳಿದಂತೆ ಕೇಳಿಸಿತು. "ಶಾಲೆಗೆ ರೋಗ ತಂದದ್ದು ಅವರ ಮನೆಯವರಲ್ಲ. ಅವರನ್ನ ಯಾರಾದ್ರೂ ದೂರ ಇಟ್ಟಿದ್ರೆ, ಅದು ನನ್ನಿಂದ."

ರಟ್ಟಿನ ಅಡಿಪಟ್ಟಿ ಹಿಡಿದಿದ್ದ ಹುಡುಗಿಯರು ಅದನ್ನು ಮೆಲ್ಲಗೆ ಇಳಿಸಿ ಗೋಡೆಗೆ ಒರಗಿಸಿದರು. ಎದುರು ಮಹಡಿಯ ಹೆಂಗಸು ಹೊದಿಕೆಯ ಹಿಂದೆ ಸರಿದುಕೊಂಡಳು. ಟೀಚರ್ ಹುಡುಗಿಯನ್ನೇ ನೋಡುತ್ತಿದ್ದಳು. ಬೈಗುಳಕ್ಕೆ ಮೈಯೊಡ್ಡಿ ನಿಂತವಳಿಗೆ, ಬೈಗುಳವೂ ಒಂದು ಬಗೆಯ ಸಮಾಧಾನವನ್ನು ತರುತ್ತದೆಂದು ಗೊತ್ತಿತ್ತು.

"ಅಪ್ಪನಿಗೆ ಗೊತ್ತಿತ್ತಾ ಮಿಸ್?"

"ಇಲ್ಲ. ಧೂಳು ಅಂದದ್ದಕ್ಕೆ ಪೂರ್ತಿ ಕಪಾಟು ಒರೆಸಿದ್ರು."

ಹುಡುಗಿ ಸ್ವಲ್ಪ ಹೊತ್ತು ಅದನ್ನೇ ಯೋಚಿಸಿದಳು, ಕಪಾಟು ಎಷ್ಟು ದೊಡ್ಡದೆಂದು ಲೆಕ್ಕ ಹಾಕುವವಳಂತೆ. ಆಮೇಲೆ, ದನಿಯೇರಿಸದೆ, "ಫೋನಲ್ಲಾದ್ರೂ ಹೇಳ್ಬಹುದಿತ್ತು ಮಿಸ್" ಎಂದಳು. "ಕೊನೇ ದಿನದವರೆಗೂ, ಎಲ್ಲಿಂದ ಹತ್ತಿಸ್ಕೊಂಡೆ, ಎಲ್ಲಿಂದ ಹತ್ತಿಸ್ಕೊಂಡೆ ಅಂತಾನೇ ಇದ್ರು."

"ಹೌದು," ಎಂದಳು ಟೀಚರ್. "ಹೇಳ್ಬಹುದಿತ್ತು."

ಕ್ಷಮಿಸು ಎಂಬ ಮಾತು ಗಂಟಲಿಗೆ ಬಂದು, ಆ ಮಾತನ್ನು ಒಮ್ಮೆ ಆ ಮನೆಯವರೇ ತನ್ನಲ್ಲಿ ಕೇಳಿದ್ದರು, ತಾನು ಕೊಟ್ಟೂ ಇದ್ದೆ ಎಂಬ ನೆನಪಿನಿಂದ ಅಲ್ಲೇ ನಿಂತಿತು. ತಾಯಿ ಮಗಳ ಹೆಗಲ ಮೇಲೆ ಕೈಯಿಟ್ಟಳು. "ನಡಿ," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ ಟೀಚರ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದು ಮುಖ ಮುಚ್ಚಿದ್ದರಿಂದ ತಿಳಿಯುವಂತಿರಲಿಲ್ಲ. "ನಮ್ಮ ಮಹಡಿಯೋರು ಇಲ್ಲಿ ಬಂದಿಲ್ಲ ಟೀಚರ್. ಅವರಿಗೆ ನಾನು ಹೇಳಿದ್ರೆ ನಂಬಲ್ಲ," ಎಂದಳು. ಇಬ್ಬರೂ ನಡೆದರು. ದಾರಿಯಲ್ಲಿ ಒಂದು ಸ್ಕೂಟರಿನ ಮೇಲೆ ಕೂತಿದ್ದ ಗಂಡಸು, ಬಿಡಲು ದಾರಿ ಬೇಕಾದಷ್ಟಿದ್ದರೂ, ಇಳಿದು ಗಾಡಿಯನ್ನು ಪಕ್ಕಕ್ಕೆಳೆದು ತಲೆ ತಗ್ಗಿಸಿದ. ಅವರು ಅವನನ್ನು ನೋಡದೆ ಹೋದರು.

ಆಮೇಲೆ ವಾಹನಗಳು ಒಂದೊಂದಾಗಿ ತಿರುಗಿದವು. ಬೀದಿ ಕಿರಿದಾದ್ದರಿಂದ ಹಿಂದೆ ಮುಂದೆ ಮಾಡಿ ತಿರುಗಿಸಬೇಕಾಗಿತ್ತು. ಯಾರೂ ಹಾರನ್ ಹಾಕಲಿಲ್ಲ. ಕೆಲವು ಮಕ್ಕಳು ಕೈಯೆತ್ತಿದರು, ಅರ್ಧಕ್ಕೇ ಇಳಿಸಿದರು. ಹೆಡ್ ಮೇಷ್ಟ್ರು ಮೈಕು ತೆಗೆದುಕೊಳ್ಳಲು ಬಂದವರು ಗೇಟಿನಿಂದ ಎರಡು ಮಾರು ದೂರದಲ್ಲೇ ನಿಂತು, ಏನೋ ಹೇಳಹೋಗಿ, "ಇಟ್ಕೊಂಡಿರಿ, ಆಮೇಲೆ ಯಾರನ್ನಾದ್ರೂ ಕಳಿಸ್ತೀನಿ" ಎಂದು ಹೊರಟುಹೋದರು. ಮೇಲಿನಿಂದ ಅಕ್ಕನ ದನಿ ಬಂತು. ಅದರಲ್ಲಿ ಮುದ್ರೆಯ ಗಟ್ಟಿತನವಿರಲಿಲ್ಲ. "ಮೇಲೆ ಬಾರೆ. ಬಿಸಿಲು."

"ಇಲ್ಲ ಅಕ್ಕ. ಗಂಟೆಯಣ್ಣನ ಮಹಡಿ ಮನೆ ಯಾವ ಬೀದೀಲಿದೆ, ತರಕಾರಿಯವಳು ಹೇಳಿದ್ಲಲ್ಲ?"

"ಅಷ್ಟು ದೂರ ನಡೆಯೋಕಾಗಲ್ಲ ನಿನಗೆ," ಎಂದಳು ಅಕ್ಕ. ಆಮೇಲೆ, "ಮುಖಕ್ಕೆ ಬಟ್ಟೆ ಕಟ್ಕೋ. ನಾನು ಚಪ್ಪಲಿ ಹಾಕ್ಕೊಂಡು ಬರ್ತೀನಿ, ನಿಲ್ಲು" ಎಂದಳು. ಟೀಚರ್ ಬಟ್ಟೆಯನ್ನು ಮೂಗಿನವರೆಗೆ ಏರಿಸಿ ಬಿಗಿಯಾಗಿ ಗಂಟು ಹಾಕಿ, ಗೇಟು ತೆರೆದು ಬೀದಿಗೆ ಇಳಿದಳು.